ಜೀಪಿನ ಹದಿನೈದನೇ ವರ್ಷ

ನಮ್ಮ ಊರಿನಲ್ಲಿ ಎತ್ತರವಾಗಿರುವ, ಏಳು ಜನ ಕೂರಬಹುದಾದ ಗಾಡಿ ಯಾವುದೇ ಇರಲಿ, ಅದು ಜೀಪು. ತಯಾರಿಸಿದವರು ಇಟ್ಟ ಹೆಸರನ್ನು ನಾನು ಮೊದಲ ವಾರ ಒಂದೆರಡು ಸಲ ಹೇಳಿ ನೋಡಿದೆ. ಯಾರ ಬಾಯಲ್ಲೂ ಅದು ನಿಲ್ಲಲಿಲ್ಲ. ಆಮೇಲೆ ನಾನೂ ಜೀಪು ಎಂದೇ ಕರೆಯತೊಡಗಿದೆ.

ಕೊಂಡಾಗ ಅದಕ್ಕೆ ಹನ್ನೊಂದು ವರ್ಷವಾಗಿತ್ತು. ಅರ್ಧ ದುಡ್ಡು ನನ್ನ ಸಂಬಳದ್ದು, ಇನ್ನರ್ಧ ಅಮ್ಮ ಒಂದು ಬೆಳೆ ರೇಷ್ಮೆಗೂಡು ಮಾರಿ ಕೊಟ್ಟದ್ದು. ದಿಬ್ಬೂರಹಳ್ಳಿ ಕಡೆಯ ನಮ್ಮ ಊರಿನಿಂದ ಚಿಕ್ಕಬಳ್ಳಾಪುರದ ಹತ್ತಿರ ನಾನು ಪಾಠ ಮಾಡುವ ಕಾಲೇಜಿಗೆ ಎರಡು ಬಸ್ಸು ಬದಲಾಯಿಸಬೇಕಿತ್ತು. ಸ್ಕೂಟರ್ ಸಾಕಲ್ಲ ಎಂದು ಚಿಕ್ಕಪ್ಪ ಅಂದಿದ್ದರು. ಗೂಡಿನ ಮೂಟೆಗಳನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸಬಹುದು ಎಂಬ ಕಾರಣ ಕೊಟ್ಟು ನಾನು ದೊಡ್ಡ ಗಾಡಿಯನ್ನೇ ಆರಿಸಿದೆ. ಆದರೆ ನಾಲ್ಕು ವರ್ಷವೂ ಗೂಡು ಬಾಡಿಗೆ ಟೆಂಪೊದಲ್ಲೇ ಹೋಯಿತು. ಮಾರುಕಟ್ಟೆಯ ಹೊತ್ತಿಗೆ ನಾನು ಕಾಲೇಜಿನಲ್ಲಿರುತ್ತಿದ್ದೆ, ಇಲ್ಲವೇ ಜೀಪು ಮೇಸ್ತ್ರಿಯ ಬಳಿ ಇರುತ್ತಿತ್ತು.

ಮೊದಲ ವರ್ಷ ಕ್ಲಚ್ ಪ್ಲೇಟ್ ಹೋಯಿತು. ಎರಡನೇ ವರ್ಷ ರೇಡಿಯೇಟರ್ ಸೋರಿತು. ಅದನ್ನು ಬದಲಾಯಿಸಿದ ತಿಂಗಳಿಗೇ ಅದಕ್ಕೆ ನೀರು ತರುವ ಹೋಸ್ ಪೈಪು ಬಿರಿಯಿತು. ಹಳೆಯ ಗಾಡಿಯಲ್ಲಿ ಒಂದು ಹೊಸ ಭಾಗ ಹಾಕಿದರೆ ಪಕ್ಕದ ಭಾಗಕ್ಕೆ ತನ್ನ ವಯಸ್ಸು ನೆನಪಾಗುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗದೆ ಸೆಲ್ಫ್ ಮೋಟಾರು ಗೊರಗೊರ ಅನ್ನುವಾಗ ಮನೆಮಂದಿಯೆಲ್ಲ ಹಲ್ಲುಜ್ಜುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು. ಸ್ಟಾರ್ಟ್ ಆದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆಗದಿದ್ದರೆ ಚಿಕ್ಕಪ್ಪ ಜಗಲಿಯಿಂದ ಕೂಗುತ್ತಿದ್ದರು: "ಮೇಡಮ್ಮಾ, ಏಳೂಕಾಲಿನ ಬಸ್ಸು ಇನ್ನೂ ಬಂದಿಲ್ಲ, ಓಡು!"

ಇಷ್ಟಾದರೂ ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಕಾರಣವನ್ನು ನಾನು ಯಾರಿಗೂ ಹೇಳಿರಲಿಲ್ಲ. ನಮ್ಮದು ಚಿಕ್ಕಪ್ಪನ ಸಂಸಾರವೂ ಸೇರಿ ಒಂದೇ ಮನೆ. ಗಾಳಿ ಬೆಳಕು ಚೆನ್ನಾಗಿರುವ ದೊಡ್ಡ ಭಾಗ ರೇಷ್ಮೆಹುಳುಗಳದ್ದು, ಅದು ಹುಳುಮನೆ. ಉಳಿದದ್ದರಲ್ಲಿ ನಾವೆಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಅಲ್ಲಿ ಯಾರಿಗೂ ಇಲ್ಲ, ಯಾರೂ ಅದನ್ನು ಕೇಳಿಯೂ ಇಲ್ಲ. ಸಂಜೆ ಮನೆ ಮುಂದೆ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿ ಏರಿಸಿ ನಾನು ಅರ್ಧ ಗಂಟೆ ಕೂರುತ್ತಿದ್ದೆ. ಓದುತ್ತಿದ್ದೆ, ಉತ್ತರಪತ್ರಿಕೆ ತಿದ್ದುತ್ತಿದ್ದೆ, ಕೆಲವೊಮ್ಮೆ ಏನೂ ಮಾಡುತ್ತಿರಲಿಲ್ಲ. ಕೇಳಿದವರಿಗೆ ಫೋನಿನಲ್ಲಿದ್ದೆ ಎನ್ನುತ್ತಿದ್ದೆ.

ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿ ಮುಗಿಯುತ್ತದೆ. ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿ, ಎಲ್ಲ ಸರಿಯಿದೆ ಅನಿಸಿದರೆ ಇನ್ನೈದು ವರ್ಷ ಕೊಡುತ್ತಾರೆ. ನಮ್ಮ ಕಡೆ ಇದಕ್ಕೂ ಎಫ್‌ಸಿ ಮಾಡಿಸುವುದು ಎಂದೇ ಹೇಳುತ್ತಾರೆ. ಶುಲ್ಕ, ಹಸಿರು ತೆರಿಗೆ, ಅದಕ್ಕೂ ಮೊದಲು ಮಾಡಿಸಬೇಕಾದ ರಿಪೇರಿ ಎಲ್ಲ ಸೇರಿ ದೊಡ್ಡ ಮೊತ್ತವೇ. ಗೌರಿಬಿದನೂರಿನಲ್ಲಿ ಹಳೆಯ ಗಾಡಿಗಳನ್ನು ಬಿಚ್ಚಿ ಭಾಗ ಮಾರುವವನೊಬ್ಬ ಚಿಕ್ಕಪ್ಪನಿಗೆ ಪರಿಚಯ. ಅವನು ಆಗಲೇ ಎರಡು ಸಲ ಫೋನ್ ಮಾಡಿದ್ದ.

"ಕೊಟ್ಟುಬಿಡು ಅನ್ನಲ್ಲ, ಇಟ್ಕೋ ಅಂತಲೂ ಅನ್ನಲ್ಲ. ಮನೆಗೆ ಒಂದು ಉಪಯೋಗ ತೋರಿಸು, ಆಮೇಲೆ ನೋಡಣ" ಎಂದು ಅಮ್ಮ ಹೇಳಿದ್ದಳು. ಅರ್ಧ ದುಡ್ಡು ಅವಳದು. ಮಾತು ನ್ಯಾಯವಾಗಿಯೇ ಇತ್ತು. ನೋಂದಣಿ ಮುಗಿಯಲು ನಾಲ್ಕು ತಿಂಗಳಿತ್ತು.

ಆ ದಿನಗಳಲ್ಲೇ ಇಲಿ ವೈರು ಕಡಿಯಿತು. ಹಿಪ್ಪುನೇರಳೆ ಸೊಪ್ಪು ಬೀಳುವ ಅಂಗಳ, ರಾತ್ರಿ ಬೆಚ್ಚಗಿರುವ ಎಂಜಿನ್. ಇಲಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗದು. ಒಂದೇ ತಿಂಗಳಲ್ಲಿ ಮೂರು ಸಲ ಶಿಡ್ಲಘಟ್ಟದ ಮೇಸ್ತ್ರಿಯ ಮುಂದೆ ನಿಂತೆ. ಅವರಿಗೆ ಅರವತ್ತು ದಾಟಿದೆ. ಬಾನೆಟ್ ಎತ್ತುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬರುವುದು ಅವರ ಪದ್ಧತಿ.

"ಏನಮ್ಮಾ, ಇವತ್ತೇನಂತೆ ನಿಮ್ಮ ಗಾಡಿದು?"

"ಮತ್ತೆ ಇಲಿ, ಮೇಸ್ತ್ರಿ."

"ಗಾಡಿ ನಿಮ್ಮದಲ್ಲಮ್ಮಾ, ಇಲೀದು. ನೀವು ಡ್ರೈವರ್ ಅಷ್ಟೆ." ವೈರಿಗೆ ಟೇಪು ಸುತ್ತುತ್ತಾ ಅವರು ಮದ್ದು ಹೇಳಿದರು. ಹೊಗೆಸೊಪ್ಪನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಬಾನೆಟ್ಟಿನೊಳಗೆ ನಾಲ್ಕು ಕಡೆ ಇಟ್ಟರೆ ಇಲಿ ಹತ್ತಿರ ಸುಳಿಯುವುದಿಲ್ಲ. ಹೇಳಿ ಮುಗಿಸಿ, ಕೈ ಒರೆಸಿಕೊಂಡು, ಕೇಳಿದರು: "ನಿಮ್ಮನೇಲಿ ಹುಳು ಮೇಯಿಸ್ತೀರಲ್ವಾ?"

ರೇಷ್ಮೆಹುಳುವಿಗೆ ಹೊಗೆಸೊಪ್ಪು ವಿಷ ಎಂಬುದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಅಮ್ಮನಂತೂ ಬೀಡಿ ಸೇದಿದವರನ್ನು ಹುಳುಮನೆಯ ಹತ್ತು ಮಾರು ದೂರದಲ್ಲೇ ನಿಲ್ಲಿಸುತ್ತಾಳೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಚಿಕ್ಕಪ್ಪ ಇಪ್ಪತ್ತು ವರ್ಷದಿಂದ ಆ ಹೊಸ್ತಿಲು ದಾಟಿಲ್ಲ.

"ಹುಳುಮನೆಗೂ ಜೀಪಿಗೂ ಸಂಬಂಧ ಇಲ್ಲ ಮೇಸ್ತ್ರಿ. ದೂರ ನಿಲ್ಲಿಸ್ತೀನಿ" ಎಂದೆ.

ಹಾಗೆಯೇ ಮಾಡಿದೆ. ಅಂಗಳ ಬಿಟ್ಟು ರಸ್ತೆಯ ತುದಿಯ ಹೊಂಗೆ ಮರದಡಿ ನಿಲ್ಲಿಸತೊಡಗಿದೆ. ನಾಲ್ಕು ಗಂಟುಗಳನ್ನು ನಾನೇ ಕಟ್ಟಿ, ಎಂಜಿನ್ನಿನ ಬಿಸಿ ನೇರವಾಗಿ ತಗಲದ ಕಡೆ ಎಂದು ನೋಡಿ ಇಟ್ಟೆ, ಕೈ ಸೋಪು ಹಾಕಿ ತೊಳೆದೆ. ಇಲಿ ಬರುವುದು ನಿಂತಿತು. ಮೊದಲ ವಾರ ಗಾಡಿಯೊಳಗೆ ಏನೋ ಒಗರು ವಾಸನೆ ಬರುತ್ತಿತ್ತು. ಎರಡನೇ ವಾರ ಅದು ನನ್ನ ಮೂಗಿಗೆ ತಿಳಿಯದಾಯಿತು.

ಮೂರನೇ ವಾರ ಹೊಸ ಬೆಳೆಗೆ ಹುಳು ತರುವ ದಿನ ಬಂತು. ನಾವು ಮೊಟ್ಟೆಯಿಂದ ಸಾಕುವುದಿಲ್ಲ. ಚಿಂತಾಮಣಿಯಾಚೆ ಅಂಬಾಜಿದುರ್ಗದ ಕಡೆ ಒಂದು ಚಾಕಿ ಕೇಂದ್ರವಿದೆ. ಮರಿಹುಳುಗಳು ಎರಡು ಸಲ ಪೊರೆ ಬಿಡುವ ತನಕ ಅಲ್ಲೇ ಬೆಳೆಯುತ್ತವೆ. ಆಮೇಲೆ ಅವನ್ನು ಮನೆಗೆ ತರುತ್ತೇವೆ. ಪ್ರತಿ ಸಲ ಕೇಂದ್ರದವರದೇ ಟೆಂಪೊ ಬರುತ್ತಿತ್ತು. ಆ ವಾರ ಅದು ಸಿಗುವುದಿಲ್ಲ ಎಂದು ಹಿಂದಿನ ದಿನ ಫೋನ್ ಬಂತು. ಅಮ್ಮ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ ಯೋಚಿಸುತ್ತಾ ಕೂತಳು.

"ನಾನು ತರ್ತೀನಿ, ಜೀಪಲ್ಲಿ" ಎಂದೆ.

ಅಮ್ಮ ನನ್ನನ್ನು ನೋಡಿದಳು. ಉಪಯೋಗ ತೋರಿಸು ಎಂದದ್ದು ಇಬ್ಬರಿಗೂ ನೆನಪಿತ್ತು.

ಆ ಸಂಜೆ ನಾನು ಗಾಡಿಯನ್ನು ಸಿದ್ಧಪಡಿಸಿದ ರೀತಿಯನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಒಂದು ಬಗೆಯ ಆಶ್ಚರ್ಯ. ಹಿಂದಿನ ಸೀಟುಗಳನ್ನು ಮಡಚಿದೆ. ಕನ್ನಡಿಗೆ ತೂಗುಬಿಟ್ಟಿದ್ದ ಸುಗಂಧದ ಡಬ್ಬಿ ತೆಗೆದೆ. ಫಿನಾಯಿಲ್ ಇಲ್ಲದೆ ಬರೀ ನೀರಿನಲ್ಲಿ ನೆಲವನ್ನು ಎರಡು ಸಲ ಒರೆಸಿದೆ. ಒಗೆದು ಒಣಗಿಸಿದ ಹತ್ತಿ ಬಟ್ಟೆ ಹಾಸಿದೆ. ಗಾಡಿಯೊಳಗಿನದೆಲ್ಲ ನನ್ನ ಲೆಕ್ಕದಲ್ಲಿತ್ತು. ಬಾನೆಟ್ ಎಂಬುದು ಹೊರಗಿನದು, ಮೇಸ್ತ್ರಿಯದು, ಇಲಿಯದು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ತಣ್ಣಗಿರುವಾಗಲೇ ಹುಳು ತರಬೇಕು. ಟ್ರೇ ಎತ್ತಲು ಚಿಕ್ಕಪ್ಪ ಜೊತೆಗೆ ಬಂದರು. ಹೊರಡುವಾಗ ತಮ್ಮ ಎಲೆಅಡಿಕೆ ಚೀಲವನ್ನು ಅಮ್ಮನ ಕಣ್ಣೆದುರೇ ಮೊಳೆಗೆ ನೇತುಹಾಕಿ, ಎರಡು ಸಲ ಬಾಯಿ ಮುಕ್ಕಳಿಸಿ, ಒಂದು ಲವಂಗ ಹಾಕಿಕೊಂಡರು. ದಾರಿಯುದ್ದಕ್ಕೂ ಅದೇ ಮಾತು. "ಎಷ್ಟು ಹೊತ್ತಾಯ್ತು ನೋಡು, ಹಾಕೇ ಇಲ್ಲ. ನಿಮ್ಮಮ್ಮ ಇವತ್ತಾದ್ರೂ ಒಳಗೆ ಕರೀತಾರೋ ನೋಡಣ."

ಬರುವಾಗ ದಾರಿಯಲ್ಲಿ ಧೂಳು, ಚಳಿಗಾಳಿ. ಹುಳುಗಳಿಗೆ ಗಾಳಿ ಹೊಡೆಯಬಾರದೆಂದು ಕಿಟಕಿಗಳನ್ನೆಲ್ಲ ಏರಿಸಿದೆ; ಉಸಿರು ಕಟ್ಟಬಾರದೆಂದು ಒಳಗಿನ ಫ್ಯಾನನ್ನು ಸಣ್ಣಗೆ ಹಾಕಿದೆ. ಆ ಫ್ಯಾನು ಗಾಳಿ ಎಳೆಯುವುದು ಬಾನೆಟ್ಟಿನ ಹಿಂಬದಿಯಿಂದ. ಇದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ರೇಡಿಯೇಟರ್ ಸೋರಿದಾಗ ಅದರ ವಾಸನೆ ಒಳಗೆ ಬಂದದ್ದು ಆ ದಾರಿಯಲ್ಲೇ.

ಮನೆ ತಲುಪಿದ ಮೇಲೆ ಅಮ್ಮ ಮೊದಲ ಟ್ರೇಯ ಮೇಲಿನ ಕಾಗದ ತೆಗೆದಳು. ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿ ನಿಂತು ಅತ್ತಿತ್ತ ತೂಗುತ್ತಿದ್ದವು. ಕೆಲವುಗಳ ಬಾಯಿಂದ ಕಂದು ನೀರು ಬರುತ್ತಿತ್ತು. ಎರಡನೇ ಟ್ರೇಯಲ್ಲೂ ಹಾಗೆಯೇ. ಅಮ್ಮ ಬಗ್ಗಿ ವಾಸನೆ ನೋಡಿ, ನೆಟ್ಟಗಾಗಿ, ಚಿಕ್ಕಪ್ಪನ ಕಡೆ ತಿರುಗಿದಳು.

"ಇದು ಹೊಗೆಸೊಪ್ಪು. ಬಾಯಿ ತೆಗಿ ನೋಡಣ."

"ಅತ್ಗೆ, ದೇವರಾಣೆ, ಲವಂಗ ಬಿಟ್ರೆ ಇನ್ನೇನೂ ಹಾಕಿಲ್ಲ."

"ಲವಂಗ ಹಾಕಿದ್ದೇ ವಾಸನೆ ಮುಚ್ಚೋಕೆ!"

"ಅಯ್ಯೋ, ಚೀಲ ಅಲ್ಲೇ ನೇತಾಡ್ತಿದೆ, ನೋಡಿ. ಮಗಳನ್ನೇ ಕೇಳಿ, ಪಕ್ಕದಲ್ಲೇ ಕೂತಿದ್ಲು."

"ಅವಳು ರೋಡು ನೋಡ್ತಾಳೋ, ನಿನ್ನ ದವಡೆ ನೋಡ್ತಾಳೋ? ಜೇಬಲ್ಲಿ ಒಂದು ಚೂರು ಇಟ್ಕೊಂಡಿರ್ತೀಯ. ಇಪ್ಪತ್ತು ವರ್ಷ ಕಾದೆ ನಾನು, ಒಂದು ದಿನ ನಂಬಿದೆ, ಒಂದೇ ದಿನ!"

ಇಬ್ಬರೂ ನನ್ನನ್ನು ನೋಡಿದರು.

"ಚಿಕ್ಕಪ್ಪ ಹಾಕಿರಲಿಲ್ಲ ಅಮ್ಮಾ" ಎಂದೆ. ಅದು ನಿಜ. ಹೊಗೆಸೊಪ್ಪು ಎಂಬ ಮಾತು ಅಮ್ಮನ ಬಾಯಿಂದ ಬಂದ ಕ್ಷಣವೇ ಉಳಿದ ನಿಜವೂ ನನಗೆ ತಿಳಿದಿತ್ತು. ಆದರೆ ನಾನು ಅಷ್ಟಕ್ಕೇ ನಿಲ್ಲಿಸಿದೆ.

ಚಿಕ್ಕಪ್ಪ ತೋಟದ ಕಡೆ ಹೋದರು. ಮೊಳೆಯಲ್ಲಿದ್ದ ಚೀಲವನ್ನು ತೆಗೆದುಕೊಳ್ಳಲಿಲ್ಲ.

ಅಮ್ಮ ಹುಳುಮನೆಯ ಕಿಟಕಿಗಳನ್ನೆಲ್ಲ ತೆರೆದಳು. ಹಳೆಯ ಸೊಪ್ಪನ್ನು ತೆಗೆಸಿದಳು. ಹುಳುಗಳನ್ನು ದೂರದೂರ ಹರಡಿಸಿದಳು. "ತಲೆ ಇಳಿಸೋವರೆಗೂ ಸೊಪ್ಪು ಹಾಕ್ಬೇಡ" ಎಂದು ನನಗೆ ಹೇಳಿ, ಒಂದು ಮಣೆ ಹಾಕಿಕೊಂಡು ಅವುಗಳ ಮುಂದೆ ಕೂತಳು. ಇಡೀ ಬೆಳೆ ಅವಳ ಮುಂದೆ ತಲೆ ತೂಗುತ್ತಿತ್ತು.

ನಾನು ಹೊಂಗೆ ಮರದ ಹತ್ತಿರ ಹೋಗಿ ಬಾನೆಟ್ ಎತ್ತಿದೆ. ನಾಲ್ಕು ಗಂಟುಗಳೂ ಇದ್ದವು. ಒಂದು ಜಾರಿ ಬಿಸಿ ಪೈಪಿನ ಮೇಲೆ ಕೂತು ಸುಟ್ಟಂತೆ ಕಪ್ಪಾಗಿತ್ತು. ನಾಲ್ಕನ್ನೂ ತೆಗೆದುಕೊಂಡು ಗಾಡಿಯೊಳಗೆ ಕೂತೆ. ಅವನ್ನು ಚರಂಡಿಗೆ ಎಸೆದರೆ ಯಾರಿಗೂ ತಿಳಿಯುವುದಿಲ್ಲ. ಚಿಕ್ಕಪ್ಪನಿಗೆ ಅಮ್ಮನ ಬೈಗುಳ ಹೊಸದಲ್ಲ. ಒಂದು ತಿಂಗಳು ಗೊಣಗಿ ಮರೆಯುತ್ತಾರೆ. ಜೀಪಿನ ಮೇಲೆ ಯಾರ ದೃಷ್ಟಿಯೂ ಬೀಳದು. ಹೇಳಿದರೆ ಗೌರಿಬಿದನೂರಿನವನಿಗೆ ಅಂದೇ ಫೋನ್ ಹೋಗುತ್ತದೆ. ಹೀಗೆ ಎಷ್ಟು ಹೊತ್ತು ಕೂತಿದ್ದೆನೋ, ಇಳಿದಾಗ ಮರದ ನೆರಳು ಗಾಡಿಯಿಂದ ಸರಿದುಹೋಗಿತ್ತು. ಯಾರ ಹಂಗೂ ಇಲ್ಲದೆ ಕೂರಬಹುದಾದ ಜಾಗವೆಂದು ನಾನು ಇಷ್ಟಪಟ್ಟದ್ದು ಅದನ್ನು. ಆ ಬೆಳಿಗ್ಗೆ ಅದರೊಳಗೆ ಚಿಕ್ಕಪ್ಪನ ಮಾತುಗಳೇ ತುಂಬಿದ್ದವು. ಎಷ್ಟು ಹೊತ್ತಾಯ್ತು ನೋಡು, ಹಾಕೇ ಇಲ್ಲ.

ಗಂಟುಗಳನ್ನು ಹಿಡಿದು ಹುಳುಮನೆಯ ಬಾಗಿಲಿನಿಂದ ದೂರ ನಿಂತು ಅಮ್ಮನನ್ನು ಕರೆದೆ. ಎಲ್ಲವನ್ನೂ ಹೇಳಿದೆ.

ಅಮ್ಮ ಗಂಟುಗಳನ್ನು ನೋಡಿದಳು. "ಎಷ್ಟು ದಿನದಿಂದ ಇದೆ?"

"ಇಪ್ಪತ್ತು ದಿನ."

"ಕಾಲೇಜಲ್ಲಿ ನೀನೇನು ಪಾಠ ಮಾಡೋದು?"

"ರಸಾಯನಶಾಸ್ತ್ರ."

"ಹ್ಞೂಂ" ಎಂದಳು. "ಅದನ್ನ ದೂರ ಹೂತು, ತಲೆಗೆ ನೀರು ಹಾಕ್ಕೊಂಡು ಬಾ. ಅದಕ್ಕೆ ಮೊದಲು ಹೋಗಿ ಅವನಿಗೆ ಹೇಳು."

ಚಿಕ್ಕಪ್ಪ ತೋಟದ ಬದುವಿನ ಮೇಲೆ ಕೂತಿದ್ದರು. ನಾನು ಹೇಳುವುದನ್ನು ಪೂರ್ತಿ ಕೇಳಿದರು. ನನ್ನ ಕೈಯಲ್ಲಿದ್ದ ಗಂಟೊಂದನ್ನು ತೆಗೆದುಕೊಂಡು ಮೂಸಿದರು.

"ಒಳ್ಳೇ ಸೊಪ್ಪೇ ಹಾಕಿದ್ದೀಯ ಕಣಮ್ಮಾ. ನಾನು ಇದರಲ್ಲಿ ಅರ್ಧ ಬೆಲೇದು ಹಾಕ್ತೀನಿ." ಅವರು ನಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. "ಇಪ್ಪತ್ತು ವರ್ಷ ನನ್ನ ಹೊರಗೆ ಕೂರಿಸಿದ್ರು. ನಿನ್ನ ಜೀಪು ಒಂದೇ ದಿನಕ್ಕೆ ಹುಳೂನ ಮಡಿಲಲ್ಲಿ ಕೂರಿಸ್ಕೊಂಡು ಬಂತು. ಇನ್ಮೇಲೆ ನಾವಿಬ್ರೂ ಜಗಲಿ ಮೇಲೆ."

"ತಪ್ಪಾಯ್ತು ಚಿಕ್ಕಪ್ಪ. ಆಗಲೇ ಹೇಳಬೇಕಿತ್ತು."

"ಹೇಳಬೇಕಿತ್ತು" ಎಂದರು. ಆಗ ಅವರು ನಗುತ್ತಿರಲಿಲ್ಲ. ಆಮೇಲೆ ಎದ್ದು ಪಂಚೆ ಕೊಡವಿದರು. "ನಡಿ, ಚೀಲ ಮನೇಲಿದೆ. ಬೆಳಿಗ್ಗೆಯಿಂದ ತಲೆ ಸಿಡೀತಿದೆ."

ಮಧ್ಯಾಹ್ನದ ಹೊತ್ತಿಗೆ ಕೆಲವು ಹುಳುಗಳು ತಲೆ ಇಳಿಸಿದವು. ಸಂಜೆಗೆ ಬಹುಪಾಲು. ಅಮ್ಮ ಎಳೆಸೊಪ್ಪನ್ನು ಸಣ್ಣಗೆ ಹೆಚ್ಚಿ ಒಂದು ಮೂಲೆಯಲ್ಲಿ ಹಾಕಿ ನೋಡಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಅವು ಮೇಯುವ ಆ ಸಣ್ಣ ಸದ್ದು ಶುರುವಾಯಿತು. ಮೇಲೇಳದೆ ಉಳಿದವನ್ನು ಅಮ್ಮ ಮರುದಿನ ಆರಿಸಿ ತೆಗೆದಳು. ಸುಮಾರು ಐದರಲ್ಲಿ ಒಂದು ಪಾಲು.

ಅವಳು ಕೈ ತೊಳೆದು ಬಂದಾಗ ನಾನೇ ಹೇಳಿದೆ: "ಅಮ್ಮಾ, ಗೌರಿಬಿದನೂರಿಗೆ ಜೀಪು ಕೊಟ್ಟುಬಿಡ್ತೀನಿ."

"ಗೂಡಾಗಲಿ" ಎಂದಳು. ಅಷ್ಟೇ.

ಗೂಡಾಗಲು ಮೂರು ವಾರ ಬೇಕು. ಆ ಮೂರು ವಾರ ನಾನು ಜೀಪನ್ನು ಮುಟ್ಟಲಿಲ್ಲ, ಬಸ್ಸಿನಲ್ಲಿ ಓಡಾಡಿದೆ. ಹೊಗೆಸೊಪ್ಪು ಹೋದ ಸುದ್ದಿ ಇಲಿಗಳಿಗೆ ಬೇಗ ಮುಟ್ಟಿತು. ಹಾರ್ನಿನ ವೈರು ಹೋಯಿತು, ಆಮೇಲೆ ಎಡಗಡೆ ಇಂಡಿಕೇಟರು. ಮಾರಲಿರುವ ಗಾಡಿಗೆ ಯಾಕೆ ದಂಡ ಎಂದುಕೊಂಡು ಹಾಗೇ ಬಿಟ್ಟೆ.

ಗೂಡು ಬಿಡಿಸಿದ ದಿನ ಸಂಜೆ ಅಮ್ಮ ಕೇಳಿದಳು: "ನಾಳೆ ನಿನಗೆ ರಜಾ ತಾನೇ? ಟೆಂಪೊಗೆ ಹೇಳಿಲ್ಲ ನಾನು."

ಬೆಳಿಗ್ಗೆ ಗೂಡಿನ ಮೂಟೆಗಳನ್ನು ಹಿಂದೆ ತುಂಬಿದೆವು. ಗೂಡಿಗೆ ಈ ವಾಸನೆಯ ಭಯವಿಲ್ಲ. ಆದರೂ ಅಮ್ಮ ನಾಲ್ಕೂ ಕಿಟಕಿ ಇಳಿಸಿ, ಬಾನೆಟ್ ಎತ್ತಿಸಿ ನೋಡಿ, ಆಮೇಲೆ ಮುಂದಿನ ಸೀಟಿಗೆ ಹತ್ತಿದಳು. ನಾಲ್ಕು ವರ್ಷದಲ್ಲಿ ಅವಳು ಜೀಪಿನಲ್ಲಿ ಕೂತದ್ದು ಅದೇ ಮೊದಲು. ಸೀಟಿನ ಅಂಚಿನಲ್ಲಿ, ಬಸ್ಸಿನಲ್ಲಿ ಕೂರುವ ಹಾಗೆ, ಎದುರಿನ ಹಿಡಿ ಹಿಡಿದು ಕೂತಿದ್ದಳು. ತಿರುವಿನಲ್ಲಿ ಹಾರ್ನ್ ಇಲ್ಲವೆಂದು ನಾನು ನಿಧಾನಿಸಿದರೆ ಅವಳೇ ಕಿಟಕಿಯಿಂದ ತಲೆ ಹೊರಹಾಕಿ "ಏ, ಜಾಗ ಬಿಡ್ರಪ್ಪಾ" ಎನ್ನುತ್ತಿದ್ದಳು.

ಮಾರುಕಟ್ಟೆಯಲ್ಲಿ ರೇಟು ಪರವಾಗಿಲ್ಲ ಅನ್ನುವಷ್ಟು ಸಿಕ್ಕಿತು. ಗೂಡು ಕಡಿಮೆ, ಬಣ್ಣ ಚೆನ್ನಾಗಿತ್ತು. ಬರುವಾಗ ಗಾಡಿ ಖಾಲಿ. ಊರು ಹತ್ತಿರವಾದಾಗ ಅಮ್ಮ ಮಾತು ತೆಗೆದಳು.

"ನೀನು ಸಂಜೆ ಗಾಡಿ ನಿಲ್ಲಿಸಿದ ಸದ್ದು ಕೇಳಿಸತ್ತಲ್ಲ, ಆಗ ನಾನು ಕಾಫಿಗೆ ನೀರಿಡಲ್ಲ. ಅರ್ಧ ಗಂಟೆ ಬಿಟ್ಟು ಇಡ್ತೀನಿ. ನಾಲ್ಕು ವರ್ಷದಿಂದ."

ನಾನು ರಸ್ತೆ ನೋಡುತ್ತಿದ್ದೆ.

"ಈ ಮೂರು ವಾರ ಯಾವಾಗ ಇಡಬೇಕೋ ತಿಳೀಲಿಲ್ಲ" ಎಂದಳು. ಆಮೇಲೆ, "ಎಫ್‌ಸಿಗೆ ಏನೇನು ಆಗಬೇಕೋ ಮಾಡಿಸು. ಹುಳ ಮಾತ್ರ ಇದರಲ್ಲಿ ಬೇಡ."

ಆಗಬೇಕಾದದ್ದು ಬಹಳವಿತ್ತು. ಮೇಸ್ತ್ರಿ ಸುತ್ತು ಬಂದು ಬೆರಳು ಮಡಚಿದರು: ವೈರಿಂಗ್, ಮುಂದಿನ ಬುಷ್‌ಗಳು, ಎರಡು ಟೈರು, ತುಕ್ಕು ಹಿಡಿದ ಸೈಲೆನ್ಸರ್. ಹಳೆಯ ಮಾದರಿಯ ಹೆಡ್‌ಲೈಟ್ ಹೊಸದಾಗಿ ಸಿಗುವುದಿಲ್ಲವೆಂದು ಚಿಂತಾಮಣಿಯ ಗುಜರಿ ಅಂಗಡಿಗಳಲ್ಲಿ ಎರಡು ಭಾನುವಾರ ಹುಡುಕಿದೆ. ಸಿಕ್ಕಿದ್ದು ಸ್ವಲ್ಪ ಹಳದಿ ತಿರುಗಿದೆ. ಈಗ ಜೀಪಿಗೆ ಎರಡು ಬಣ್ಣದ ಕಣ್ಣು. ಹೊಗೆಸೊಪ್ಪಿನ ಕಥೆ ಕೇಳಿ ಮೇಸ್ತ್ರಿ ಕೆಲಸ ನಿಲ್ಲಿಸಿ, "ನಾನು ಕೇಳಿದ್ನಲ್ಲಮ್ಮಾ" ಎಂದರು. ಕೇಳಿದ್ದರು. ಹಾಗಾದರೆ ಬಾನೆಟ್ ತೆರೆದಿಟ್ಟು ನಿಲ್ಲಿಸಿ, ಬೆಳಕು ಗಾಳಿ ಆಡಿದರೆ ಇಲಿ ಗೂಡು ಕಟ್ಟಲ್ಲ ಎಂದು ಇನ್ನೊಂದು ಮದ್ದು ಹೇಳಿದರು. ಇದಕ್ಕೆ ಖರ್ಚಿಲ್ಲ, ದಿನಾ ಕೈ ಮಸಿಯಾಗುತ್ತದೆ ಅಷ್ಟೆ.

ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ತಪಾಸಣೆಯ ದಿನ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಲೈಟು ಹಾಕಿಸಿದರು, ಬ್ರೇಕು ಒತ್ತಿಸಿದರು. ಹಳದಿ ಕಣ್ಣನ್ನು ಒಂದು ಗಳಿಗೆ ಹೆಚ್ಚಾಗಿ ನೋಡಿದರು. ಇನ್ನೈದು ವರ್ಷ ಸಿಕ್ಕಿತು.

ಅಂದಿನಿಂದ ಪ್ರತಿ ಸಂಜೆ ಅರ್ಧ ಗಂಟೆ ಮುಗಿದ ಮೇಲೆ ಇಳಿದು ಬಾನೆಟ್ ಎತ್ತಿ ಕಂಬಿ ಸಿಕ್ಕಿಸುತ್ತೇನೆ. ಬೆಳಿಗ್ಗೆ ಇಳಿಸಿ ಹೊರಡುತ್ತೇನೆ. ಇಲಿ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಕಳೆದ ತಿಂಗಳು ಪರೀಕ್ಷೆಯ ಕೆಲಸದ ಮೇಲೆ ಎರಡು ದಿನ ಹೊರಗಿದ್ದೆ. ಬಾನೆಟ್ ಇಳಿಸಿ, ಜೀಪನ್ನು ಬಿಟ್ಟು ಬಸ್ಸಿನಲ್ಲಿ ಹೋಗಿದ್ದೆ. ಮರಳಿ ಬಂದು ಬಸ್ಸಿಳಿದಾಗ ಹೊಂಗೆ ಮರದಡಿ ಬಾನೆಟ್ ತೆರೆದಿತ್ತು. ಒಳಗಿನ ಕಂಬಿಯನ್ನು ಎಲ್ಲಿ ಸಿಕ್ಕಿಸಬೇಕೆಂದು ಗೊತ್ತಾಗದವರು ಯಾರೋ ಬಾನೆಟ್ಟನ್ನು ಹಿಪ್ಪುನೇರಳೆಯ ದಪ್ಪ ಕೊಂಬೆಯೊಂದನ್ನು ಊರಿ ನಿಲ್ಲಿಸಿದ್ದರು. ಕೊಂಬೆಯ ತುದಿಯನ್ನು ಕುಡುಗೋಲಿನಿಂದ ಕವಲಾಗಿ ಕೆತ್ತಿದ್ದರು, ಬಾನೆಟ್ ಜಾರದ ಹಾಗೆ.

ನಾನು ಗಾಡಿ ಹತ್ತದೆ ನೇರವಾಗಿ ಮನೆಯೊಳಗೆ ಹೋದೆ.

"ಇಷ್ಟು ಬೇಗ ಬಂದ್ಬಿಟ್ಯಾ?" ಎಂದಳು ಅಮ್ಮ. "ಇನ್ನೂ ನೀರಿಟ್ಟಿಲ್ಲ ಕಣೇ."